ಕಲಬೆರಕೆ ಮತ್ತು ಅಚೌರ್ಯ ವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವು ಮೇಲ್ನೋಟಕ್ಕೆ ಪಾಲಿಸಲು ಬಹು ಸುಲಭವಾದ ವ್ರತವೆಂದು ತೋರುತ್ತದೆ. ಸಂಭಾವಿತ ಗೃಹಸ್ಥನು ಪರರ ಮನೆಗೆ ಕನ್ನ ಹಾಕುವುದಿಲ್ಲ, ದಾರಿಹೋಕರನ್ನು ಸುಲಿಯುವುದಿಲ್ಲ. ಆದುದರಿಂದ ಈ ವ್ರತದ ಮಟ್ಟಿಗೆ ತನಗೆ ಯಾವ ದೋಷವೂ ತಗುಲಿಲ್ಲವೆಂದು ಅವನು ನೆಮ್ಮದಿಯಿಂದಿರುತ್ತಾನೆ. ಆದರೆ ಆಚಾರ್ಯರು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಕನ್ನಗಳ್ಳನನ್ನು ಮಾತ್ರ ಕಣ್ಣಮುಂದೆ ಇಟ್ಟುಕೊಂಡಿರಲಿಲ್ಲ. ಅಂಗಡಿಯ ತಕ್ಕಡಿಯನ್ನೂ ಎಣ್ಣೆಯ ಡಬ್ಬವನ್ನೂ ತುಪ್ಪದ ಗಡಿಗೆಯನ್ನೂ ಅವರು ನೋಡಿದ್ದರು. ಆ ಐದು ಅತಿಚಾರಗಳಲ್ಲಿ ಒಂದು, ಇಂದಿನ ಮಾತಿನಲ್ಲಿ ಹೇಳುವುದಾದರೆ, ಕಲಬೆರಕೆ.

ಹೊಸೂರು ಮತ್ತು ಕೃಷ್ಣಗಿರಿ ಪ್ರದೇಶದ ಜೈನ ಕುಟುಂಬಗಳ ಮನೆಮಾತು ಒಂದಲ್ಲ. ಕನ್ನಡ, ತಮಿಳು, ಗುಜರಾತಿ, ಮಾರವಾಡಿ ಮಾತನಾಡುವವರು ಒಂದೇ ಜಿನಮಂದಿರದ ಮೆಟ್ಟಿಲನ್ನು ಹತ್ತುತ್ತಾರೆ. ಬೀದಿಗೆ ಇಳಿದರೆ ತೆಲುಗು, ಉರ್ದು ಸಹ ಕಿವಿಗೆ ಬೀಳುತ್ತವೆ. ಈ ದೋಷಕ್ಕೆ ಕನ್ನಡಿಗರು ಕಲಬೆರಕೆ ಎನ್ನುತ್ತಾರೆ, ತಮಿಳರು ಕಲಪ್ಪಡಂ ಎನ್ನುತ್ತಾರೆ, ತೆಲುಗರು ಕಲ್ತೀ ಎನ್ನುತ್ತಾರೆ, ಹಿಂದಿ ಮತ್ತು ಮಾರವಾಡಿ ಮನೆಗಳಲ್ಲಿ ಮಿಲಾವಟ್ ಎನ್ನುತ್ತಾರೆ. ಈ ಮಾತುಗಳೆಲ್ಲವೂ ಕಲೆಸುವುದು, ಬೆರೆಸುವುದು ಎಂಬ ಒಂದೇ ಕ್ರಿಯೆಯ ಸುತ್ತ ಸುತ್ತುತ್ತವೆ. ಇದೇ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿಯುವ ಇಂಗ್ಲಿಷ್ ಕ್ರಿಯಾಪದವಾದ ಅಡಲ್ಟರೇಟ್ ಎಂಬುದು ಮಾತ್ರ ಬೇರೊಂದು ದಾರಿಯಲ್ಲಿ ನಡೆದುಬಂದಿದೆ. ಆ ದಾರಿಯನ್ನು ಅರಿತರೆ ಶಾಸ್ತ್ರದ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೂರು ಕ್ರಿಯಾಪದಗಳು

ವಸ್ತುವನ್ನು ಅಶುದ್ಧಗೊಳಿಸುವುದಕ್ಕೆ ಇಂಗ್ಲಿಷಿನಲ್ಲಿ ಮುಖ್ಯವಾಗಿ ಮೂರು ಕ್ರಿಯಾಪದಗಳಿವೆ. ಮೂರೂ ಲ್ಯಾಟಿನ್ ಮೂಲದವು. ಕಂಟ್ಯಾಮಿನೇಟ್ ಎಂಬುದರ ಬೇರಿನಲ್ಲಿ ಮುಟ್ಟುವುದು ಎಂಬ ಅರ್ಥವಿದೆ. ಪೊಲ್ಯೂಟ್ ಎಂಬುದರ ಬೇರಿನಲ್ಲಿ ಕೆಸರು ಬಳಿಯುವುದು ಎಂಬ ಅರ್ಥವಿದೆ. ಅಡಲ್ಟರೇಟ್ ಎಂಬುದು ಅನ್ಯ, ಬೇರೊಂದು ಎಂಬ ಅರ್ಥದ ಪದದಿಂದ ಬಂದುದೆಂದು ಪದಮೂಲವನ್ನು ಬಲ್ಲವರು ಹೇಳುತ್ತಾರೆ. ಅಂದರೆ ಒಂದನ್ನು ಅದಲ್ಲದ ಇನ್ನೊಂದನ್ನಾಗಿ ಮಾಡುವುದು. ವಯಸ್ಕ ಎಂಬರ್ಥದ ಅಡಲ್ಟ್ ಶಬ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಆ ಶಬ್ದವು ಬೆಳೆಯುವುದು ಎಂಬ ಬೇರೆ ಧಾತುವಿನಿಂದ ಬಂದುದು. ದಾಂಪತ್ಯದ್ರೋಹವನ್ನು ಹೇಳುವ ಇಂಗ್ಲಿಷ್ ಶಬ್ದ ಮಾತ್ರ ಇದರ ಒಡಹುಟ್ಟು. ಈ ಬಾಂಧವ್ಯ ಅರ್ಥಪೂರ್ಣವಾಗಿದೆ. ಎರಡೂ ಕಡೆ ಮುರಿಯುವುದು ಒಬ್ಬರು ಇನ್ನೊಬ್ಬರ ಮೇಲೆ ಇಟ್ಟ ನಂಬಿಕೆ.

ಬಳಕೆಯಲ್ಲಿಯೂ ಈ ಮೂರರ ನಡುವೆ ಭೇದವಿದೆ. ಹಾಲಿನ ಪಾತ್ರೆಗೆ ಅರಿವಿಲ್ಲದೆ ರೋಗಾಣು ಸೇರಿದರೆ ಅದು ಕಂಟ್ಯಾಮಿನೇಟ್ ಆಯಿತು ಎನ್ನುವರು. ಅಲ್ಲಿ ಉದ್ದೇಶದ ಪ್ರಶ್ನೆ ಏಳುವುದಿಲ್ಲ. ಹೊಳೆಗೆ ಚರಂಡಿಯ ನೀರು ಹರಿದರೆ ಪೊಲ್ಯೂಟ್ ಆಯಿತು ಎನ್ನುವರು. ಹಾಲಿಗೆ ಲಾಭದ ಆಸೆಯಿಂದ ನೀರು ಬೆರೆಸಿ ಹಾಲೆಂದೇ ಮಾರಿದರೆ ಮಾತ್ರ ಅದು ಅಡಲ್ಟರೇಟ್. ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಒಬ್ಬ ಕರ್ತೃವಿರುತ್ತಾನೆ, ಅವನ ಅರಿವಿರುತ್ತದೆ, ಎದುರಿಗೆ ಅರಿಯದ ಒಬ್ಬ ಗ್ರಾಹಕನಿರುತ್ತಾನೆ. ಕನ್ನಡದ ಮೈಲಿಗೆ, ಮಾಲಿನ್ಯ, ಕಲಬೆರಕೆ ಎಂಬ ಮೂರು ಶಬ್ದಗಳನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಬಹುದು. ಮೈಲಿಗೆ ಮುಟ್ಟಿದ್ದರಿಂದ ಬರುವುದೆಂದು ಲೋಕದ ಕಲ್ಪನೆ. ಮಾಲಿನ್ಯ ಕಣ್ಣಿಗೆ ಕಾಣುವ ಕೊಳಕು. ಕಲಬೆರಕೆ ಕಣ್ಣಿಗೆ ಕಾಣದಂತೆ ಮಾಡಿದ ಮೋಸ.

ಈ ಭೇದವನ್ನು ಅರಿಯಲು ಹೊಸೂರಿನವರು ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಬೆಂಗಳೂರಿನ ಮಗ್ಗುಲನ್ನು ಹಾದು, ತೆನ್‌ಪೆಣ್ಣೈ ಎಂಬ ಹೆಸರಿನಿಂದ ತಮಿಳುನಾಡಿಗೆ ಬಂದು, ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯವನ್ನು ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿಂದ ನೀರು ಬಿಟ್ಟಾಗ ಬಿಳಿಯ ನೊರೆಯು ರಾಶಿರಾಶಿಯಾಗಿ ಎದ್ದು ಹೊಳೆಯನ್ನೇ ಮುಚ್ಚುವ ದೃಶ್ಯವನ್ನು ಜನರು ಎಷ್ಟೋ ಬಾರಿ ಕಂಡಿದ್ದಾರೆ. ಅದು ಘೋರವಾದ ಮಾಲಿನ್ಯ. ಆದರೆ ಆ ನೊರೆಯು ತನ್ನ ದೋಷವನ್ನು ತಾನೇ ಸಾರುತ್ತದೆ. ಅದನ್ನು ನೋಡಿದ ರೈತನು ಎಚ್ಚರಗೊಳ್ಳುತ್ತಾನೆ. ಕಲಬೆರಕೆಯಾದ ವಸ್ತುವಿಗೆ ಅಂತಹ ನೊರೆ ಏಳುವುದಿಲ್ಲ. ಅದು ಶುದ್ಧವಸ್ತುವಿನ ರೂಪವನ್ನೇ ಧರಿಸಿ ಮನೆಯ ಅಡಿಗೆಕೋಣೆಯನ್ನು ಪ್ರವೇಶಿಸುತ್ತದೆ.

ಶಾಸ್ತ್ರದ ನಾಮಕರಣ

ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಮಾನ್ಯ ಮಾಡಿರುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯದ ಐದು ಅತಿಚಾರಗಳನ್ನು ಹೇಳಲಾಗಿದೆ: ಕಳ್ಳತನಕ್ಕೆ ಪ್ರೇರಿಸುವುದು, ಕದ್ದು ತಂದುದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಮತ್ತು ಪ್ರತಿರೂಪಕ ವ್ಯವಹಾರ. ಪ್ರತಿರೂಪಕ ಎಂದರೆ ಮೂಲದಂತೆ ಕಾಣುವ ನಕಲು. ಕನ್ನಡ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಕೃತ್ರಿಮವಾದ ಚಿನ್ನ ಮೊದಲಾದವುಗಳಿಂದ ವಂಚಿಸಿ ಮಾಡುವ ವ್ಯವಹಾರವೆಂದು ಅರ್ಥ ಹೇಳಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ದೋಷಕ್ಕೆ ಸದೃಶಸನ್ಮಿಶ್ರ ಎಂಬ ಹೆಸರಿದೆ. ಶ್ವೇತಾಂಬರ ಶ್ರಾವಕರು ಪ್ರತಿಕ್ರಮಣದಲ್ಲಿ ಹೇಳುವ ವಂದಿತ್ತು ಸೂತ್ರದಲ್ಲಿಯೂ ಪ್ರಾಕೃತ ರೂಪದಲ್ಲಿ ಇದೇ ದೋಷದ ಹೆಸರು ಬರುತ್ತದೆ. ಮನೆಮಾತು ಯಾವುದಾದರೂ ಇರಲಿ, ಪಂಥ ಯಾವುದಾದರೂ ಇರಲಿ, ಈ ತಪ್ಪಿನ ನೆನಪು ಎಲ್ಲ ಶ್ರಾವಕರಿಗೂ ಸಮಾನವಾಗಿ ಬಂದ ಬಳುವಳಿ.

ಸದೃಶಸನ್ಮಿಶ್ರ ಎಂಬ ಸಮಾಸವನ್ನು ಬಿಡಿಸಿ ನೋಡಬೇಕು. ಆಚಾರ್ಯರು ಬರಿಯ ಮಿಶ್ರಣವನ್ನು ದೋಷವೆನ್ನಲಿಲ್ಲ. ಸದೃಶವಾದುದರ, ಎಂದರೆ ಒಂದೇ ತೆರನಾಗಿ ಕಾಣುವುದರ ಮಿಶ್ರಣವನ್ನು ದೋಷವೆಂದರು. ಅಕ್ಕಿಗೆ ಬೇಳೆಯನ್ನು ಬೆರೆಸಿ ಯಾರನ್ನೂ ವಂಚಿಸಲಾಗದು. ಮೆಣಸಿಗೆ ಒಣಗಿದ ಪರಂಗಿಹಣ್ಣಿನ ಬೀಜವನ್ನು ಬೆರೆಸಿ ವಂಚಿಸಬಹುದು. ತೊಗರಿಬೇಳೆಗೆ ಕೇಸರಿಬೇಳೆಯನ್ನು, ತುಪ್ಪಕ್ಕೆ ವನಸ್ಪತಿಯನ್ನು ಬೆರೆಸಿ ವಂಚಿಸಬಹುದು. ಕೌಟಿಲ್ಯನ ಅರ್ಥಶಾಸ್ತ್ರವೂ ಧಾನ್ಯ, ಎಣ್ಣೆ, ಉಪ್ಪು, ಸುಗಂಧ, ಔಷಧಿಗಳಿಗೆ ಅದೇ ಬಣ್ಣದ ಕೀಳುವಸ್ತುವನ್ನು ಸೇರಿಸಿದವನಿಗೆ 12 ಪಣಗಳ ದಂಡವನ್ನು ವಿಧಿಸುತ್ತದೆ. ಅಲ್ಲಿಯೂ ಅಪರಾಧದ ತಿರುಳು ಹೋಲಿಕೆಯಲ್ಲಿಯೇ ಇದೆ.

ಇದನ್ನು ಕಳ್ಳತನವೆಂದು ಏಕೆ ಕರೆಯಬೇಕು, ಅಸತ್ಯವೆಂದರೆ ಸಾಲದೆ ಎಂಬ ಪ್ರಶ್ನೆ ಸಹಜವಾದುದು. ಶಾಸ್ತ್ರದಲ್ಲಿ ಸ್ತೇಯದ ಲಕ್ಷಣ ಅದತ್ತಾದಾನ, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದು. ಒಬ್ಬ ಗೃಹಿಣಿಯು ಒಂದು ಕಿಲೋ ತುಪ್ಪಕ್ಕೆಂದು ಹಣ ಕೊಟ್ಟಳೆಂದು ಇಟ್ಟುಕೊಳ್ಳೋಣ. ಆ ಡಬ್ಬದಲ್ಲಿ ಮುಕ್ಕಾಲು ಕಿಲೋ ತುಪ್ಪ, ಕಾಲು ಕಿಲೋ ವನಸ್ಪತಿ ಇದೆ. ಆಕೆ ಕೊಟ್ಟದ್ದು ತುಪ್ಪದ ಬೆಲೆ. ಕಾಲು ಕಿಲೋ ವನಸ್ಪತಿಗೆ ತುಪ್ಪದ ಬೆಲೆಯನ್ನು ಆಕೆ ಕೊಟ್ಟಿಲ್ಲ, ತಿಳಿದಿದ್ದರೆ ಕೊಡುತ್ತಲೂ ಇರಲಿಲ್ಲ. ವರ್ತಕನು ಆ ಹೆಚ್ಚಿನ ಹಣವನ್ನು ಅವಳ ಕೈಯಿಂದಲೇ ಪಡೆದಿದ್ದರೂ ಅದು ಅದತ್ತವೇ. ಕೈ ಕೊಟ್ಟಿತು, ಮನಸ್ಸು ಕೊಡಲಿಲ್ಲ.

ಕಾನೂನು ಹೇಳುವುದು

ಕಾನೂನು ಸಹ ಬಹುಕಾಲದಿಂದ ಈ ದೋಷದ ಬೆನ್ನು ಹತ್ತಿದೆ. 1820ರಲ್ಲಿ ಲಂಡನ್ನಿನಲ್ಲಿ ಫ್ರೆಡ್ರಿಕ್ ಅಕುಮ್ ಎಂಬ ರಸಾಯನಶಾಸ್ತ್ರಜ್ಞನು ಆಹಾರದ ಕಲಬೆರಕೆಯನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು. 1860ರಲ್ಲಿ ಬ್ರಿಟನ್ನು ಮೊದಲ ಕಾಯಿದೆಯನ್ನು ಮಾಡಿತು. ಹೊಸೂರು ಅಂದು ಸೇಲಂ ಜಿಲ್ಲೆಯೊಡನೆ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಕಾರಣ, ಇಲ್ಲಿಗೆ ಮೊದಲು ಅನ್ವಯಿಸಿದ್ದು 1918ರ ಮದ್ರಾಸ್ ಕಲಬೆರಕೆ ತಡೆ ಕಾಯಿದೆ. ಸ್ವಾತಂತ್ರ್ಯಾನಂತರ ಇಡೀ ದೇಶಕ್ಕೆ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಬಂದಿತು. ಆ ಕಾಯಿದೆಯು ಮೊದಲಿಗೆ ಕೇಳುತ್ತಿದ್ದುದು ವಸ್ತುವು ವಿಷವೋ ಅಲ್ಲವೋ ಎಂದಲ್ಲ. ಗ್ರಾಹಕನು ಕೇಳಿದ ಗುಣದ, ಕೇಳಿದ ಸತ್ವದ ವಸ್ತುವನ್ನೇ ಅವನಿಗೆ ಕೊಟ್ಟಿದ್ದಾರೆಯೇ ಎಂದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 2011ರ ಆಗಸ್ಟ್ 5ರಿಂದ ಅದರ ಸ್ಥಾನವನ್ನು ಪಡೆದಿದೆ.

ಸಾಕ್ಷಿ ಹೇಳುವ ಎಳ್ಳೆಣ್ಣೆಯ ಸಂಗತಿ ಇಲ್ಲಿ ನೆನೆಯತಕ್ಕದ್ದು. ವನಸ್ಪತಿಯನ್ನು ತಯಾರಿಸುವವರು ಅದಕ್ಕೆ ಕನಿಷ್ಠ ಶೇಕಡ 5ರಷ್ಟು ಎಳ್ಳೆಣ್ಣೆಯನ್ನು ಸೇರಿಸಬೇಕೆಂದು ಕಾನೂನು ನಿಯಮ ಮಾಡಿತು. ರುಚಿಗಾಗಿ ಅಲ್ಲ. ಯಾರಾದರೂ ಆ ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಿದರೆ, ಬೋದುವ್ಯಾಂ ಎಂಬ ಪರೀಕ್ಷೆಯಲ್ಲಿ ಆ ಎಳ್ಳೆಣ್ಣೆಯು ಕೆಂಪು ಬಣ್ಣವನ್ನು ತೋರಿ ಮೋಸವನ್ನು ಬಯಲಿಗೆಳೆಯಲೆಂದು. ಒಂದು ವಸ್ತುವಿಗೆ ಇನ್ನೊಂದನ್ನು ಬೆರೆಸಿರುವುದು ಇಲ್ಲಿ ಸತ್ಯದ ರಕ್ಷಣೆಗಾಗಿ. ಬೆರೆಸುವ ಕ್ರಿಯೆಯೇ ಪಾಪವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ದಕ್ಷಿಣದ ಮನೆಗಳ ಕಾಫಿಯೂ ಹಾಗೆಯೇ. ಕಾಫಿಪುಡಿಗೆ ಚಿಕೋರಿ ಸೇರಿಸುವುದು ಇಲ್ಲಿನ ರೂಢಿ. ಚಿಕೋರಿಯು ಶೇಕಡ 49ನ್ನು ಮೀರದಿದ್ದರೆ, ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೆ, ಅದು ನ್ಯಾಯವಾದ ಸರಕು. ಅದೇ ಚಿಕೋರಿಯನ್ನು ಮುಚ್ಚಿಟ್ಟು ಶುದ್ಧ ಕಾಫಿಯೆಂದು ಮಾರಿದರೆ ಕಲಬೆರಕೆ. ಚಿನ್ನದ ವ್ಯಾಪಾರಿಗಳಿಗಂತೂ ಇದು ನಿತ್ಯದ ಅನುಭವ. 24 ಕ್ಯಾರೆಟ್ಟಿನ ಮೆತ್ತನೆಯ ಚಿನ್ನಕ್ಕೆ ತಾಮ್ರ, ಬೆಳ್ಳಿ ಸೇರಿಸದೆ ಗಟ್ಟಿಯಾದ ಒಡವೆಯಾಗದು. 22 ಕ್ಯಾರೆಟ್ಟಿನ ಒಡವೆಯ ಮೇಲೆ 916 ಎಂದು ಮುದ್ರೆ ಬಿದ್ದಾಗ, ಸಾವಿರದಲ್ಲಿ 916 ಪಾಲು ಚಿನ್ನ, ಉಳಿದುದು ಬೇರೆ ಲೋಹ ಎಂದು ಒಡವೆಯೇ ಒಪ್ಪಿಕೊಂಡಂತೆ. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಮುದ್ರೆಯಿದ್ದ ತಾಮ್ರ ಒಡವೆಯ ಬಲ. ಮುಚ್ಚಿಟ್ಟ ತಾಮ್ರ ಪ್ರತಿರೂಪಕ ವ್ಯವಹಾರ. ತಾಮ್ರವು ಎರಡು ಕಡೆಯೂ ಒಂದೇ.

ಬೆರೆಸದೆಯೂ ಈ ದೋಷ ಬರುವುದುಂಟು. ಕೃಷ್ಣಗಿರಿಯು ಮಾವಿಗೆ ಹೆಸರಾದ ನಾಡು. ಕನ್ನಡಿಗರು ಗಿಣಿಮೂತಿ ಎಂದೂ ತಮಿಳರು ಬೆಂಗಳೂರಾ ಎಂದೂ ಕರೆಯುವ ತೋತಾಪುರಿ ಮಾವಿನ ತಿರುಳನ್ನು ತೆಗೆಯುವ ಕಾರ್ಖಾನೆಗಳು ಇಲ್ಲಿವೆ. ಎಳೆಯ ಕಾಯಿಗೆ ಕಾರ್ಬೈಡ್ ಕಲ್ಲನ್ನು ಇಟ್ಟು ಹಳದಿ ಬಣ್ಣ ಬರಿಸುವುದನ್ನು ಕಾನೂನು ನಿಷೇಧಿಸಿದೆ. ಆ ಕಲ್ಲಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳಿರುತ್ತವೆ. ಇಲ್ಲಿ ಹಣ್ಣಿನ ಒಳಗೆ ಬೇರೆ ಕಾಯಿಯನ್ನು ಯಾರೂ ಸೇರಿಸಿಲ್ಲ. ಬಲಿಯದ ಕಾಯಿಗೆ ಬಲಿತ ಹಣ್ಣಿನ ರೂಪವನ್ನು ಕೊಟ್ಟಿದ್ದಾರೆ. ಪ್ರತಿರೂಪಕ ಎಂಬ ಹಳೆಯ ಶಬ್ದವು ಈ ಹೊಸ ಮೋಸವನ್ನು ಎಷ್ಟು ಸರಿಯಾಗಿ ಹಿಡಿಯುತ್ತದೆ ಎಂಬುದು ಗಮನಾರ್ಹ.

ವಣಿಕ್ಕಲೆ ಎಂಬ ಹೆಸರು

ಈ ದೋಷವನ್ನು ವ್ರತಭಂಗವೆನ್ನದೆ ಅತಿಚಾರವೆಂದು ಮಾತ್ರ ಏಕೆ ಎಣಿಸಿದರು? ಶ್ರಾವಕಾಚಾರದ ವ್ಯಾಖ್ಯಾನ ಪರಂಪರೆಯಲ್ಲಿ ಇದಕ್ಕೆ ಆಳವಾದ ಉತ್ತರವೊಂದಿದೆ. ಪರರ ಧನವನ್ನು ವಂಚನೆಯಿಂದ ಪಡೆಯುವುದರಿಂದ ಇದು ನಿಜಕ್ಕೂ ವ್ರತಭಂಗವೇ. ಆದರೆ ಹಾಗೆ ಮಾಡುವವನು, ಕನ್ನ ಹಾಕುವುದು ಮಾತ್ರ ಕಳ್ಳತನ, ಇದು ಕೇವಲ ವಣಿಕ್ಕಲೆ, ವ್ಯಾಪಾರದ ಜಾಣ್ಮೆ ಎಂದು ಭಾವಿಸಿ, ತನ್ನ ವ್ರತ ಉಳಿದಿದೆಯೆಂದು ನಂಬಿರುತ್ತಾನೆ. ಆ ಭಾವನೆಯ ಕಾರಣದಿಂದ ಇದು ಅತಿಚಾರವೆನಿಸಿಕೊಂಡಿತು.

ಈ ಉತ್ತರವು ದೋಷಿಗೆ ಕೊಟ್ಟ ರಿಯಾಯಿತಿಯಂತೆ ಕಂಡರೂ ವಾಸ್ತವವಾಗಿ ಅವನ ಮನಸ್ಸಿನ ಕಠಿಣವಾದ ಪರೀಕ್ಷೆ. ತುಪ್ಪಕ್ಕೆ ಎಣ್ಣೆ ಬೀಳುವುದಕ್ಕೆ ಮೊದಲೇ ಅವನ ಮಾತಿಗೆ ಕಲಬೆರಕೆ ಆಗಿಹೋಗಿದೆ. ಕಳ್ಳತನಕ್ಕೆ ಜಾಣ್ಮೆ ಎಂಬ ಸದೃಶವಾದ ಹೆಸರನ್ನು ಅವನು ಬೆರೆಸಿದ್ದಾನೆ. ಎಲ್ಲರೂ ಮಾಡುತ್ತಾರೆ, ಈ ಬೆಲೆಗೆ ಇನ್ನೇನು ಕೊಡಲಾದೀತು, ಇಷ್ಟರಿಂದ ಯಾರೂ ಸಾಯುವುದಿಲ್ಲ ಎಂಬ ಮಾತುಗಳೆಲ್ಲ ಆ ಮೊದಲ ಕಲಬೆರಕೆಯ ಸರಕುಗಳು. ಗಿರಾಕಿಯನ್ನು ವಂಚಿಸುವ ಮೊದಲು ವರ್ತಕನು ತನ್ನನ್ನು ವಂಚಿಸಿಕೊಂಡಿರಬೇಕಾಗುತ್ತದೆ.

ಇಷ್ಟರಿಂದ ಯಾರೂ ಸಾಯುವುದಿಲ್ಲ ಎಂಬ ಮಾತನ್ನು ಇತಿಹಾಸವು ಸುಳ್ಳು ಮಾಡಿದೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು, 60ಕ್ಕೂ ಹೆಚ್ಚು ಜನರು ಮೈ ಊದಿಕೊಳ್ಳುವ ರೋಗದಿಂದ ಮೃತಪಟ್ಟರು. 2008ರಲ್ಲಿ ಚೀನಾದಲ್ಲಿ ಹಾಲಿನಲ್ಲಿ ಸಸಾರಜನಕವನ್ನು ಹೆಚ್ಚಾಗಿ ತೋರಿಸಲೆಂದು ಮೆಲಮೈನ್ ಬೆರೆಸಿದ್ದರಿಂದ ಆರು ಶಿಶುಗಳು ಸತ್ತವು. ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾದರು. ಅಲ್ಲಿ ಬೆರೆಸಿದವರು ಯಾರನ್ನೂ ಕೊಲ್ಲಬೇಕೆಂದು ಬಯಸಿದವರಲ್ಲ. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಮೂಲವೆಂದು ಹೇಳುವ ಧರ್ಮಕ್ಕೆ ಅಚೌರ್ಯದ ಭಂಗವು ಅಹಿಂಸೆಯ ಭಂಗವಾಗಿ ಹೇಗೆ ಮಾರ್ಪಡುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಕೊಳ್ಳುವವನ ಪಾಲು

ದೋಷವನ್ನೆಲ್ಲ ಮಾರುವವನ ಮೇಲೆ ಹೊರಿಸಿ ಕೊಳ್ಳುವವನು ಕೈ ತೊಳೆದುಕೊಳ್ಳುವಂತಿಲ್ಲ. ಶೇಕಡ 4ರಷ್ಟು ಕೊಬ್ಬಿರುವ ಹಾಲಿನಿಂದ ಒಂದು ಕಿಲೋ ತುಪ್ಪ ಬರಬೇಕಾದರೆ ಸುಮಾರು 25 ಲೀಟರ್ ಹಾಲು ಬೇಕು. ಇದು ಮನೆಯಲ್ಲಿ ಬೆಣ್ಣೆ ಕಾಯಿಸಿದ ಯಾವ ಅಜ್ಜಿಗೂ ಗೊತ್ತಿರುವ ಲೆಕ್ಕ. ಆ ಹಾಲಿನ ಬೆಲೆಗಿಂತ ಬಹಳ ಕಡಿಮೆ ಬೆಲೆಗೆ ತುಪ್ಪವೆಂಬುದು ಸಿಕ್ಕಿತೆಂದರೆ, ಅದು ತುಪ್ಪವಲ್ಲವೆಂಬುದು ಕೊಂಡವನಿಗೂ ಒಳಗೊಳಗೆ ತಿಳಿದಿರುತ್ತದೆ. ಅಚೌರ್ಯದ ಇನ್ನೊಂದು ಅತಿಚಾರ, ಕದ್ದು ತಂದುದನ್ನು ಕೊಳ್ಳುವುದು, ಇಲ್ಲಿ ಬಾಗಿಲು ತಟ್ಟುತ್ತದೆ.

ಈ ಮಾತು ಮಂದಿರಗಳ ಉಗ್ರಾಣಕ್ಕೂ ಅನ್ವಯಿಸುತ್ತದೆ. ವೀತರಾಗನಾದ ಜಿನನಿಗೆ ದೀಪದ ತುಪ್ಪವೂ ಬೇಡ, ಎಣ್ಣೆಯೂ ಬೇಡ. ಅರ್ಪಿಸುವವನ ಭಾವಶುದ್ಧಿಗಾಗಿ ಮಾತ್ರ ದ್ರವ್ಯ. ತಮಿಳುನಾಡಿನ ಅಂಗಡಿಗಳಲ್ಲಿ ಅಡಿಗೆಗೆ ಬಾರದ, ದೀಪಕ್ಕೆ ಮಾತ್ರವೆಂದು ಚೀಟಿ ಹಚ್ಚಿದ ಎಣ್ಣೆಯು ದೊರೆಯುತ್ತದೆ. ಬಡವನು ಅದನ್ನು ತಂದು ದೀಪದ ಎಣ್ಣೆಯೆಂದೇ ಹೇಳಿ ಹಚ್ಚಿದರೆ ಆ ದೀಪದಲ್ಲಿ ಯಾವ ಕಲ್ಮಶವೂ ಇಲ್ಲ. ಅಗ್ಗವೆಂದು ತಿಳಿದೇ ಕೊಂಡ ಸಂದೇಹದ ತುಪ್ಪವನ್ನು ಶುದ್ಧ ತುಪ್ಪದ ಸೇವೆಯೆಂದು ರಸೀದಿ ಹರಿದು ಹಚ್ಚಿದರೆ, ಎಷ್ಟು ಪ್ರಕಾಶವಾಗಿ ಉರಿದರೂ ಅದು ಪ್ರತಿರೂಪಕವೇ.

ಯಾವುದು ಕಲಬೆರಕೆಯಲ್ಲ

ಶುದ್ಧಿಯ ಮಾತು ವಸ್ತುಗಳಿಂದ ಮನುಷ್ಯರ ಕಡೆಗೆ ತಿರುಗುವುದು ಬಹು ಸುಲಭ, ಬಹು ಅಪಾಯಕರ. ಇಂಗ್ಲಿಷಿನ ಕ್ರಿಯಾಪದವನ್ನು ಭಾಷೆಗೂ ಅನ್ವಯಿಸಿ ಭಾಷೆ ಕೆಟ್ಟಿತೆನ್ನುವವರು ಎಲ್ಲ ಕಡೆಯೂ ಇದ್ದಾರೆ. ಹೊಸೂರಿನ ಪೇಟೆಯಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆಯುತ್ತವೆ. ಅಲ್ಲಿ ಯಾರೂ ಯಾರನ್ನೂ ವಂಚಿಸಿಲ್ಲ, ಯಾರ ಸೊತ್ತನ್ನೂ ಅಪಹರಿಸಿಲ್ಲ. ಹಾಗೆಯೇ ಜನರು ಒಬ್ಬರ ಪಕ್ಕ ಒಬ್ಬರು ಕುಳಿತರೆ, ಉಂಡರೆ ಯಾರೂ ಅಶುದ್ಧರಾಗುವುದಿಲ್ಲ. ತೀರ್ಥಂಕರರ ಸಮವಸರಣದಲ್ಲಿ ದೇವ, ಮಾನವ, ಪಶುಪಕ್ಷಿಗಳೆಲ್ಲ ಒಂದೆಡೆ ಸೇರಿ ಉಪದೇಶವನ್ನು ಕೇಳಿದರೆಂದು ಪುರಾಣಗಳು ವರ್ಣಿಸುತ್ತವೆ. ಸೇರುವುದು ಬೇರೆ, ಕಲಬೆರಕೆ ಬೇರೆ. ಮರೆಮಾಚುವಿಕೆ ಎಲ್ಲಿದೆಯೋ ಅಲ್ಲಿ ಮಾತ್ರ ಕಲಬೆರಕೆಯ ಪಾಪವಿದೆ.

ಈ ಸೀಮೆಯ ವರ್ತಕರಿಗೆ ಒಂದು ಹಳೆಯ ಗೌರವವೂ ಇದೆ. ಇಂದಿನ ಧರ್ಮಪುರಿಯು ತಗಡೂರು ಎನಿಸಿಕೊಂಡಿದ್ದ ಕಾಲದಲ್ಲಿ, ನೊಳಂಬ ದೊರೆ ಮಹೇಂದ್ರನ ಆಳ್ವಿಕೆಯಲ್ಲಿ, ವರ್ತಕನೊಬ್ಬನ ಮಕ್ಕಳಾದ ನಿಧಿಯಣ್ಣ, ಚಂಡಿಯಣ್ಣ ಎಂಬವರು ಅಲ್ಲಿ ಬಸದಿಯನ್ನು ಕಟ್ಟಿಸಿದರೆಂದು ಕ್ರಿ.ಶ. 893ರ ಕನ್ನಡ ಶಾಸನವು ತಿಳಿಸುತ್ತದೆ. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯು ಬೇರೆಯಾಗುವವರೆಗೆ ಹೊಸೂರು, ಕೃಷ್ಣಗಿರಿಗಳು ಆ ಧರ್ಮಪುರಿಯ ಜಿಲ್ಲೆಗೇ ಸೇರಿದ್ದವು. ವ್ಯಾಪಾರದ ಗಳಿಕೆಯಿಂದ ಜಿನಾಲಯವು ಎದ್ದ ನಾಡಿನಲ್ಲಿ, ಆ ಗಳಿಕೆ ಹೇಗೆ ಬಂದಿತೆಂಬ ಪ್ರಶ್ನೆ ಮಂದಿರದ ಹೊರಗೆ ಉಳಿಯಲಾರದು.

ದಶಲಕ್ಷಣ ಧರ್ಮಗಳಲ್ಲಿ ಬರುವ ಉತ್ತಮ ಶೌಚವನ್ನು ಆಚಾರ್ಯರು ಸ್ನಾನದ ಶುದ್ಧಿಯೆನ್ನದೆ ಲೋಭದ ತ್ಯಾಗವೆಂದು ವಿವರಿಸಿದ್ದಾರೆ. ಉತ್ತಮ ಆರ್ಜವವು ಒಳಗೆ ಹೊರಗೆ ಒಂದೇ ಆಗಿರುವುದು. ಕಲಬೆರಕೆಯು ಲೋಭದಿಂದ ಹುಟ್ಟಿ ವಕ್ರತೆಯಿಂದ ಬೆಳೆಯುವುದರಿಂದ ಈ ಎರಡನ್ನೂ ಒಟ್ಟಿಗೇ ಕೆಡಿಸುತ್ತದೆ. ಅನಾದಿಕಾಲದಿಂದ ಜೀವವೂ ಕರ್ಮವೂ ಹಾಲು ನೀರಿನಂತೆ, ಚಿನ್ನ ಮತ್ತು ಅದಿರಿನಂತೆ ಬೆರೆತುಕೊಂಡಿವೆ. ಅವುಗಳನ್ನು ಬೇರ್ಪಡಿಸುವ ಸಾಧನೆಗೆ ವ್ರತವೆಂದು ಹೆಸರು. ಬೆಳಿಗ್ಗೆ ಮಂದಿರದಲ್ಲಿ ಬೇರ್ಪಡಿಸಲು ಕುಳಿತವನು ಮಧ್ಯಾಹ್ನ ಅಂಗಡಿಯಲ್ಲಿ ಬೆರೆಸಲು ಕುಳಿತರೆ, ಅವನ ಸಾಧನೆ ಯಾವ ತಕ್ಕಡಿಯಲ್ಲಿಯೂ ತೂಗಲಾರದು.

ಪರ್ವದ ದಿನಗಳಲ್ಲಿ ಉಪವಾಸ, ಏಕಾಶನಗಳನ್ನು ಕೈಗೊಳ್ಳುವ ಕುಟುಂಬಗಳು ಈ ಸಣ್ಣ ವ್ರತವನ್ನೂ ಕೈಗೊಳ್ಳಬಹುದು: ಕೊಡುವ ವಸ್ತುವಿಗೆ ಅದರ ನಿಜವಾದ ಹೆಸರನ್ನೇ ಹೇಳುವುದು, ಕೊಳ್ಳುವ ವಸ್ತುವಿಗೆ ಅದರ ನಿಜವಾದ ಬೆಲೆಯನ್ನೇ ಕೊಡುವುದು. ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ ಗುಜರಾತಿಯಲ್ಲಾಗಲಿ, ಅಂಗಡಿಯ ಮುಂದೆ ನಿಂತ ಮಗುವೊಂದು ಇದೇನು ಎಂದು ಕೇಳಿದಾಗ ತಡವರಿಸದೆ ಉತ್ತರ ಕೊಡಬಲ್ಲ ವರ್ತಕನ ಮನೆಯಲ್ಲಿ ಅಚೌರ್ಯ ವ್ರತವು ನೆಲೆಸಿರುತ್ತದೆ. ಸರ್ವರಿಗೂ ಅಂತಹ ನಿರ್ಮಲವಾದ ಜೀವನೋಪಾಯವು ಲಭಿಸಲಿ. ಜೈ ಜಿನೇಂದ್ರ.